ಬೆಳಿಗ್ಗೆ ಕೆಂಪು, ಸಂಜೆ ನೀಲಿ

ಹಾಲು ಇನ್ನೂ ಒಲೆಯ ಮೇಲಿತ್ತು. ಆಗ ಅಕ್ಕನ ಫೋನು ಬಂತು.

"ಸಿಕ್ತು ಕಣೇ."

"ಏನೇ ಸಿಕ್ತು?"

"ಆ ಎಂಜಿನ್ನು. ಹದಿನೆಂಟು. ಕೆಂಪು. ಕಡುಗೆಂಪು ಕಣೇ, ನಡುವೆ ಕೆನೆ ಬಣ್ಣದ ಪಟ್ಟಿ. ಈಗ ತಾನೇ ಎದುರಿಗೇ ಹೋಯ್ತು. ಹಿಂದಿನ ಡಬ್ಬಿಗಳು ಇನ್ನೂ ಹೋಗ್ತಾನೇ ಇವೆ, ಕೇಳು."

ಅವಳು ಫೋನನ್ನು ಹಳಿಯ ಕಡೆಗೆ ಚಾಚಿ ಹಿಡಿದಿರಬೇಕು. ಖಾಲಿ ವ್ಯಾಗನ್ನುಗಳ ದಡದಡ ಸದ್ದು ನನ್ನ ಅಡುಗೆಮನೆಯೊಳಕ್ಕೇ ನುಗ್ಗಿತು.

"ಕೈ ನಡುಗ್ತಿದೆ ನೋಡು," ಎಂದಳು.

"ನಡುಗೋ ಕೈಯಲ್ಲಿ ಫೋಟೋ ಹೇಗೆ ಬಂದಿರತ್ತೋ."

"ತೆಗೆಯೋವಾಗ ನಡುಗಲಿಲ್ಲ. ತೆಗೆದ ಮೇಲೆ ಶುರುವಾಯ್ತು."

ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತು. ನನಗೆ ಬೇಸರವಾಗಲಿಲ್ಲ. ಐವತ್ತು ದಾಟಿದ ಹೆಂಗಸು, ಮಂಡಿನೋವಿನವಳು, ಹೊತ್ತು ಮೂಡುವ ಮೊದಲೇ ಎದ್ದು ಹೋಗಿ ಹಳಿಯ ಪಕ್ಕದ ಜಲ್ಲಿಕಲ್ಲಿನ ಗುಡ್ಡೆಯ ಮೇಲೆ ನಿಂತು ಇಷ್ಟೊಂದು ಸಂತೋಷಪಡುವುದನ್ನು ಕೇಳಿದರೆ ಯಾರಿಗೆ ಬೇಸರವಾದೀತು?

ಅಕ್ಕನಿಗೆ ಊರಿನಲ್ಲಿ 'ಸ್ಟುಡಿಯೋ ಅಕ್ಕ' ಎಂದೇ ಹೆಸರು. ಮಾರುಕಟ್ಟೆ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಫೋಟೋ ಸ್ಟುಡಿಯೋ ಅಪ್ಪನದು. ಅಪ್ಪ ತೀರಿಕೊಂಡಾಗ ಅದನ್ನು ಮಾರಿಬಿಡೋಣ ಎಂದು ಎಲ್ಲರೂ ಹೇಳಿದರು. ಅಕ್ಕ ಮಾತ್ರ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾರನೆಯ ದಿನವೇ ಬಾಗಿಲು ತೆಗೆದಳು. ಮದುವೆಯ ಮಾತು ಬಂದಾಗಲೆಲ್ಲ 'ಆಮೇಲೆ ನೋಡೋಣ' ಎನ್ನುತ್ತಿದ್ದಳು. ಆಮೇಲೆ ಯಾರೂ ಕೇಳಲಿಲ್ಲ, ಅವಳೂ ನೋಡಲಿಲ್ಲ. ಅವಳ ಅನ್ನ ಹುಟ್ಟುವುದು ಪಾಸ್‌ಪೋರ್ಟ್ ಅಳತೆಯ ಫೋಟೋಗಳಿಂದ. ಪರದೆಯ ಮುಂದಿನ ಸ್ಟೂಲಿನ ಮೇಲೆ ಜನರನ್ನು ಕೂರಿಸಿ, ಗದ್ದ ಸ್ವಲ್ಪ ಎತ್ತಿಸಿ, ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಮೊಡವೆ ಅಳಿಸಿ, ಕಣ್ಣ ಕೆಳಗಿನ ಕಪ್ಪು ತೆಗೆದು, ಬಣ್ಣ ಸ್ವಲ್ಪ ತಿಳಿಗೊಳಿಸಿ ಕೊಡುತ್ತಾಳೆ. ಊರಿನ ಅರ್ಧ ಜನರ ಮುಖವನ್ನು ಅವಳು ತಿದ್ದಿದ್ದಾಳೆ.

ಆದರೆ ಎಂಜಿನ್ನುಗಳ ಫೋಟೋಗಳನ್ನು ಮಾತ್ರ ಒಂದು ಚುಕ್ಕೆಯಷ್ಟೂ ತಿದ್ದುವುದಿಲ್ಲ. ಯಾಕೆಂದು ನಾನೊಮ್ಮೆ ಕೇಳಿದ್ದಕ್ಕೆ, "ಜನ ತಾವಾಗೇ ಕೇಳ್ತಾರೆ, ತಿದ್ದಿ ಕೊಡ್ತೀನಿ. ಯಾವ ಎಂಜಿನ್ನಾದ್ರೂ ಬಂದು ನನ್ನ ಸ್ವಲ್ಪ ಬೆಳ್ಳಗೆ ಮಾಡು ಅಂದಿದ್ಯಾ?" ಎಂದಿದ್ದಳು.

ಈ ಹುಚ್ಚು ಅವಳಿಗೆ ಹಿಡಿದದ್ದು ಚಿಕ್ಕ ವಯಸ್ಸಿನಲ್ಲೇ. ಒಮ್ಮೆ ಗೂಡ್ಸ್ ಗಾಡಿಯೊಂದು ಸಿಗ್ನಲ್ ಸಿಗದೆ ನಮ್ಮೂರ ರೈಲ್ವೆ ಗೇಟಿನ ಹತ್ತಿರ ನಿಂತುಬಿಟ್ಟಿತ್ತಂತೆ. ಹಳೆಯ ಎಂಜಿನ್ನು. ಬಿಸಿಲಿಗೆ ಸವೆದ ನೀಲಿ ಬಣ್ಣದ ಕೆಳಗೆ ಹಸಿರು, ಹಸಿರಿನ ಕೆಳಗೆ ಇನ್ನೂ ಹಿಂದಿನ ಯಾವುದೋ ಊರಿನ ಹೆಸರಿನ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಅದನ್ನು ನೋಡುತ್ತ ನಿಂತವಳಿಗೆ ಗೇಟು ತೆಗೆದದ್ದೂ ತಿಳಿಯಲಿಲ್ಲ. ಅಂದಿನಿಂದ ಯಾವ ಎಂಜಿನ್ನಿಗೆ ಹೊಸ ಬಣ್ಣ ಬಂತು, ಯಾವುದರ ಬಣ್ಣ ಎಲ್ಲಿ ಎದ್ದಿದೆ ಎಂದು ನೋಡುವುದೇ ಅವಳ ಸಂಭ್ರಮ. ಪ್ರಯಾಣಿಕರ ಗಾಡಿಗಳು ಅವಳಿಗೆ ಬೇಡ. "ಅವನ್ನ ದಿನಾ ತೊಳೀತಾರೆ. ಗೂಡ್ಸ್ ಎಂಜಿನ್ನು ದುಡಿದು ಬಂದ ಮುಖದಲ್ಲೇ ಬರತ್ತೆ," ಎನ್ನುತ್ತಾಳೆ.

ಈ ಹುಚ್ಚನ್ನು ಅವಳು ನಮ್ಮ ಯಜಮಾನರಿಗೂ ಅಂಟಿಸಿದಳು. ಅವರದು ಬೇಕರಿ. ಮದುವೆಯಾದ ಹೊಸದರಲ್ಲಿ ಅತ್ತಿಗೆಯನ್ನು ರೇಗಿಸಲೆಂದು ಒಂದು ಸಂಜೆ ಅವಳ ಜೊತೆ ಹಳಿಯ ಹತ್ತಿರ ಹೋದವರು, ಬರುವಾಗ ಕ್ಯಾಮೆರಾದ ಬೆಲೆ ವಿಚಾರಿಸುತ್ತಿದ್ದರು. ಆದರೆ ಇಬ್ಬರೂ ಜೊತೆಯಲ್ಲಿ ನಿಲ್ಲುವುದು ಅಪರೂಪ. ಬೇಕರಿಯ ಒಲೆ ಉರಿಯುವುದು ಬೆಳಿಗ್ಗೆ, ಆದ್ದರಿಂದ ಅವರಿಗೆ ಬಿಡುವು ಸಂಜೆ. ಸ್ಟುಡಿಯೋಗೆ ಜನ ಬರುವುದು ಸಂಜೆ, ಆದ್ದರಿಂದ ಅಕ್ಕನಿಗೆ ಬಿಡುವು ಬೆಳಿಗ್ಗೆ. ಬೆಳಿಗ್ಗೆ ಉತ್ತರದ ಸಿಮೆಂಟ್ ಕಾರ್ಖಾನೆಗೆ ಖಾಲಿ ಗಾಡಿ ಹೋಗುತ್ತದೆ, ಅದು ಅಕ್ಕನ ಪಾಲು. ಸಂಜೆ ಅದೇ ಗಾಡಿ ಸಿಮೆಂಟ್ ತುಂಬಿಕೊಂಡು ಬರುತ್ತದೆ, ಅದು ಯಜಮಾನರ ಪಾಲು. ಇಬ್ಬರ ಕಥೆಯನ್ನೂ ಕೇಳುವುದು ನನ್ನ ಪಾಲು. ಭಗವಂತ ನನಗೆ ಕಿವಿಯನ್ನು ಧಾರಾಳವಾಗಿ ಕೊಟ್ಟಿದ್ದಾನೆ.

ನಮ್ಮ ಸೀಮೆಯ ಎಂಜಿನ್ ಶೆಡ್ಡಿಗೆ ಆ ವರ್ಷ ಸುವರ್ಣ ಮಹೋತ್ಸವ. ಅದರ ನೆನಪಿಗೆ ಒಂದು ಗೂಡ್ಸ್ ಎಂಜಿನ್ನಿಗೆ ಮೊದಮೊದಲಿನ ಬಣ್ಣವನ್ನೇ ಮತ್ತೆ ಬಳಿಯುತ್ತಾರೆ ಎಂದು ಸುದ್ದಿ ಬಂದಿತ್ತು. ಈಗಿನ ನೀಲಿಯಲ್ಲ, ಅಪ್ಪನ ಕಾಲದ ಕಡುಗೆಂಪು ಮತ್ತು ಕೆನೆ. ಯಾವ ಎಂಜಿನ್ನು, ಯಾವಾಗ, ಒಂದೂ ಹೇಳಿರಲಿಲ್ಲ. ಊರಿನ ಎಂಜಿನ್ ಹುಚ್ಚರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಅದರ ಹಿರಿಯರು ನಿವೃತ್ತ ಲೆಕ್ಕದ ಮೇಷ್ಟ್ರು. ಆ ಗುಂಪಿನವರಿಗೆಲ್ಲ ಊಟ ರುಚಿಸುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಕೊನೆಗೆ ಅದು ಅಕ್ಕನ ಕಣ್ಣಿಗೆ ಬಿದ್ದಿತ್ತು. ನಂಬರಿನ ಕೊನೆ ಹದಿನೆಂಟು.

ಅಕ್ಕ ಫೋಟೋವನ್ನು ಗುಂಪಿಗೆ ಹಾಕಿದ ಸುದ್ದಿ ತಿಳಿದದ್ದೇ, ನಮ್ಮ ಯಜಮಾನರು ಬೇಕರಿಯಲ್ಲಿ ಒಂದು ತಟ್ಟೆ ರಸ್ಕನ್ನು ಇದ್ದಿಲು ಮಾಡಿದರು. ದಿನವಿಡೀ ಗಡಿಯಾರ ನೋಡಿದರು. ಬಿಸಿಲು ಇಳಿಯುವ ಮುಂಚೆಯೇ ಕೈಯ ಹಿಟ್ಟನ್ನೂ ತೊಳೆಯದೆ ಹಳಿಯ ಕಡೆಗೆ ಓಡಿದರು. ಮರಳಿ ಬಂದಾಗ ಮುಖ ಊದಿಕೊಂಡಿತ್ತು.

"ಏನ್ರೀ, ಬರಲಿಲ್ವಾ?"

"ಬಂತು. ಹದಿನೆಂಟೇ ಬಂತು. ನೀಲಿ."

"ಅಂದ್ರೆ?"

"ಅಂದ್ರೆ ನೀಲಿ. ನಿನ್ನೆ ಹೇಗಿತ್ತೋ ಹಾಗೆ. ನೋಡಿಲ್ಲಿ."

ಕ್ಯಾಮೆರಾದಲ್ಲಿ ನಂಬರು ಸ್ಪಷ್ಟವಾಗಿತ್ತು. ಎಂಜಿನ್ನು ಅಚ್ಚ ನೀಲಿ. ಅಕ್ಕ ಹಾಕಿದ ಫೋಟೋದಲ್ಲಿ ಅದೇ ನಂಬರಿನ ಎಂಜಿನ್ನು ಕಡುಗೆಂಪು. ನಾನು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದೆ.

ಅವರು ಅಲ್ಲಿಗೇ ಸುಮ್ಮನಾಗಿದ್ದರೆ ಆಗುತ್ತಿತ್ತು. ದಿನವಿಡೀ ಹಂಬಲಿಸಿ ಮೋಸಹೋದ ಸಿಟ್ಟು. ತಮ್ಮ ಫೋಟೋವನ್ನು ಗುಂಪಿಗೆ ಹಾಕಿ, ಕೆಳಗೆ ಹೀಗೆ ಬರೆದರು: 'ಅತ್ತಿಗೆ ಬಣ್ಣ ಚೆನ್ನಾಗಿ ಹಚ್ಚಿದ್ದಾರೆ. ಪಾಸ್‌ಪೋರ್ಟ್ ಅಳತೆಯಲ್ಲೂ ಸಿಗುತ್ತದೆಯೇ?'

ಅವರ ಮಟ್ಟಿಗೆ ಅದು ತಮಾಷೆ. ಗುಂಪಿಗೆ ಅದು ಸಾಕ್ಷಿ. ಹಗಲಿಡೀ ಜನರ ಮುಖ ತಿದ್ದುವವಳಿಗೆ ಎಂಜಿನ್ನಿನ ಮುಖ ತಿದ್ದುವುದು ದೊಡ್ಡ ಕೆಲಸವೇ ಎಂದು ಒಬ್ಬರು ಬರೆದರು. ಮೇಷ್ಟ್ರು ಎಲ್ಲಕ್ಕೂ ಮೇಲೆ ಬರೆದರು: 'ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕು. ತಿದ್ದಿದ ಫೋಟೋ ಹಾಕಿದವರಿಗೆ ಗುಂಪಿನಲ್ಲಿ ಜಾಗವಿಲ್ಲ ಎಂಬುದು ನಾವೇ ಮಾಡಿಕೊಂಡ ನಿಯಮ. ಸ್ವಲ್ಪ ಕಾಯೋಣ. ಬೇರೆ ಆಧಾರ ಬರದಿದ್ದರೆ ನಿಯಮದಂತೆ ನಡೆಯೋಣ.'

ಅಕ್ಕ ಗುಂಪಿನಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ನನಗೆ ಫೋನು ಮಾಡಿದಳು. ದನಿ ತಣ್ಣಗಿತ್ತು.

"ನಿನ್ನ ಗಂಡನಿಗೆ ಹೇಳು. ಅದು ಸುಳ್ಳು ಅಂತಾದ್ರೆ ನಾನು ಮತ್ತೆ ಕ್ಯಾಮೆರಾ ಹಿಡಿದು ಹಳಿ ಹತ್ರ ಹೋಗಲ್ಲ. ಸ್ಟುಡಿಯೋದಲ್ಲಿ ಕೂತು ಮೊಡವೆ ಅಳಿಸ್ಕೊಂಡಿರ್ತೀನಿ."

"ಅವರು ತಮಾಷೆಗೆ ಬರೆದದ್ದು ಕಣೇ."

"ತಮಾಷೆ ಒಳ್ಳೇದೇ. ಅಷ್ಟು ಜನ ನಂಬಿದ್ರಲ್ಲ, ಅದು ತಮಾಷೆ ಅಲ್ಲ."

ನಾನು ಅಡಕತ್ತರಿಯ ನಡುವಿನ ಅಡಿಕೆಯಾದೆ. ಸುಳ್ಳು ಹೇಳುವವಳಲ್ಲ ಅಕ್ಕ. ಇಲ್ಲದ್ದನ್ನು ತೋರಿಸುವವರಲ್ಲ ಯಜಮಾನರು. ದೇವರೇ, ಇಬ್ಬರ ಮಾತೂ ಉಳಿಯಲಿ ಎಂದು ಬೇಡಿಕೊಂಡೆ. ಕೆಂಪೂ ನೀಲಿಯೂ ಒಟ್ಟಿಗೇ ನಿಜವಾಗುವುದು ಹೇಗೆ ಎಂದು ಬೇಡುವಾಗ ನನಗೇ ಗೊತ್ತಿರಲಿಲ್ಲ. ಅದನ್ನು ಅವನಿಗೇ ಬಿಟ್ಟೆ.

ಅದೇ ವಾರದಲ್ಲಿ ಅಕ್ಕನಿಗೆ ಇನ್ನೊಮ್ಮೆ ಹದಿನೆಂಟು ಸಿಕ್ಕಿತು. ಬೆಳಗಿನ ಬಿಸಿಲಿನಲ್ಲಿ ಮಿರಮಿರ ಮಿಂಚುವ ಕೆಂಪು. ಆ ಫೋಟೋಗೆ ಗುಂಪಿನಲ್ಲಿ ಯಾರೋ ನಗುವ ಮುಖದ ಚಿತ್ರ ಹಾಕಿದರೇ ಹೊರತು ಯಾರೂ ನಂಬಲಿಲ್ಲ. ಬೆಳಗಿನ ಹೊತ್ತು ಹಳಿಯ ಹತ್ತಿರ ಹೋಗಲು ಅವರಲ್ಲಿ ಯಾರಿಗೂ ಬಿಡುವಿಲ್ಲ. ಮೇಷ್ಟ್ರಿಗೂ ಮನೆಪಾಠದ ಹೊತ್ತು. ಕೊನೆಗೆ ಅಕ್ಕ ಒಂದು ನಿರ್ಧಾರಕ್ಕೆ ಬಂದಳು. ಶಾಲೆಗೆ ಸೇರಿಸುವ ದಿನಗಳು, ಸ್ಟುಡಿಯೋ ಮೆಟ್ಟಿಲ ಮೇಲೆಲ್ಲ ಫೋಟೋಗೆ ಬಂದ ತಾಯಂದಿರು. ಅವರನ್ನೆಲ್ಲ ಮಾರನೆಯ ದಿನ ಬನ್ನಿ ಎಂದು ಕಳಿಸಿ, ಬಾಗಿಲಿಗೆ ಬೀಗ ಹಾಕಿ, ಅದೇ ದಿನ ಸಂಜೆಯ ಗಾಡಿಗೆ ತಾನೇ ಹೋಗಿ ಯಜಮಾನರ ಪಕ್ಕದಲ್ಲಿ ನಿಂತಳು.

"ಬನ್ನಿ ಅತ್ತಿಗೆ," ಎಂದರಂತೆ ಇವರು, ಸ್ವಲ್ಪ ಜಾಗ ಬಿಟ್ಟು.

"ಬಂದೆ ಬೇಕರಿಯವರೇ. ಇವತ್ತು ಯಾರ ಕಣ್ಣು ಕೆಟ್ಟಿದೆ ನೋಡೇಬಿಡೋಣ."

ಗಾಡಿ ಬಂತು. ಹದಿನೆಂಟು. ನೀಲಿ.

ಯಜಮಾನರು ಆಮೇಲೆ ನನಗೆ ಹೇಳಿದ್ದು: "ನಾನು ಗೆದ್ದೆ ಅಂತ ಅನ್ನಿಸಲೇ ಇಲ್ಲ ಕಣೇ. ಅವರ ಮುಖ ನೋಡೋಕಾಗ್ಲಿಲ್ಲ. ಕ್ಯಾಮೆರಾ ಎತ್ತಿದ್ದೋರು ಹಾಗೇ ಕೆಳಗಿಳಿಸಿದ್ರು."

ಅವರೇ ಒತ್ತಾಯ ಮಾಡಿ ಅಕ್ಕನನ್ನು ಮನೆಗೆ ಕರೆತಂದರು. ಅಕ್ಕ ಊಟದ ಮೇಜಿನ ಮುಂದೆ ಕುಳಿತಳು. ಟೀ ಕೊಟ್ಟೆ, ಲೋಟ ಹಿಡಿದುಕೊಂಡೇ ಇದ್ದಳು.

"ನಾನೇ ತಿದ್ದಿ ಮರೆತುಬಿಟ್ನೇನೋ," ಎಂದಳು ಮೆಲ್ಲಗೆ. "ದಿನಾ ಅದೇ ಕೆಲಸ ಅಲ್ವಾ. ಕೈ ತನ್ನಷ್ಟಕ್ಕೆ ತಾನೇ ಮಾಡಿಬಿಡ್ತೋ ಏನೋ."

ಊರೆಲ್ಲ ಅನುಮಾನಿಸಿದಾಗ ಬಾರದ ಅನುಮಾನ ಈಗ ಅವಳಿಗೇ ಬಂದಿತ್ತು.

"ಏನ್ ಮಾತಾಡ್ತೀರಾ ಅತ್ತಿಗೆ," ಎಂದು ಯಜಮಾನರು ಗದರಿದರು. "ಎರಡು ಸಲ ಮರೀತೀರಾ? ಕೊಡಿ ನಿಮ್ಮ ಫೋನು." ಅವಳ ಫೋನಿನ ಕೆಂಪು ಎಂಜಿನ್ನನ್ನೂ ತಮ್ಮ ಫೋನಿನ ನೀಲಿ ಎಂಜಿನ್ನನ್ನೂ ಅಕ್ಕಪಕ್ಕ ಇಟ್ಟರು. "ಮೂತಿ ಒಂದೇ, ಹಳದಿ. ಹೊಸದರಲ್ಲೂ ಹಳೇದರಲ್ಲೂ ಮೂತಿಗೆ ಹಳದೀನೇ ಬಳಿಯೋದು. ನಂಬರು ಒಂದೇ. ಅದೇ ಹಳಿ, ಅದೇ ಕಂಬ."

"ಅದೇ ಕಂಬ ಅಲ್ಲ," ಎಂದಳು ಅಕ್ಕ.

"ಏನು?"

"ನಿಮ್ಮ ಫೋಟೋದಲ್ಲಿ ಹಿಂದೆ ಇರೋದು ಹಿಟ್ಟಿನ ಗಿರಣಿ. ನನ್ನದರಲ್ಲಿ ನೀರಿನ ಟ್ಯಾಂಕು." ಅವಳು ಲೋಟ ಕೆಳಗಿಟ್ಟಳು. "ಬೇಕರಿಯವರೇ, ಸಂಜೆ ನೀವು ಎಲ್ಲಿ ನಿಲ್ತೀರಾ?"

"ಇವತ್ತು ನಿಂತಿದ್ವಲ್ಲ ಅಲ್ಲೇ. ಟ್ಯಾಂಕಿನ ಕಡೆ. ಬಿಸಿಲಿಗೆ ಬೆನ್ನು ಕೊಟ್ಟು."

"ನಾನೂ ಬಿಸಿಲಿಗೆ ಬೆನ್ನು ಕೊಟ್ಟೇ ನಿಲ್ಲೋದು. ಬೆಳಿಗ್ಗೆ. ಗಿರಣಿ ಕಡೆ."

ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು ಎನ್ನುವುದು ಈ ಜನಕ್ಕೆ ಬಾಲಪಾಠ. ಎದುರಿಗೆ ಬಿಸಿಲಿದ್ದರೆ ಎಂಜಿನ್ನು ಕಪ್ಪಗೆ ಬರುತ್ತದೆ, ಬಣ್ಣ ಕಾಣುವುದಿಲ್ಲ. ಹಾಗೆ ನಿಲ್ಲುವವನನ್ನು ಗುಂಪಿನಲ್ಲಿ ಫೋಟೋದವನು ಎಂದು ಕರೆಯುವುದೇ ಇಲ್ಲ.

ಅಕ್ಕ ಎದ್ದು ನಿಂತಳು. ಮೇಜಿನ ಮೇಲೆ ಆ ದಿನದ ಬ್ರೆಡ್ಡು ಇತ್ತು, ಇನ್ನೂ ಕೊಯ್ಯದ್ದು. ಅದನ್ನು ಎಳೆದು ಮೇಜಿನ ನಡುವೆ ಉದ್ದಕ್ಕೆ ಇಟ್ಟಳು. ಅದರ ಒಂದು ಮಗ್ಗುಲಿಗೆ ತನ್ನ ಫೋನನ್ನು ಒರಗಿಸಿದಳು, ಇನ್ನೊಂದು ಮಗ್ಗುಲಿಗೆ ಇವರದನ್ನು. ಈ ಕಡೆ ಕೆಂಪು, ಆ ಕಡೆ ನೀಲಿ.

"ಹೋಗೋವಾಗ ಹೀಗೆ," ಎಂದು ಬ್ರೆಡ್ಡನ್ನು ನನ್ನ ಕಡೆ ತಳ್ಳಿದಳು. "ಬರೋವಾಗ ಹೀಗೆ," ಎಂದು ಹಿಂದಕ್ಕೆ ಎಳೆದಳು. "ಎಂಜಿನ್ನು ತಿರುಗಲ್ಲ. ಅದಕ್ಕೆ ಎರಡೂ ತುದೀಲಿ ಕ್ಯಾಬಿನ್ ಇದೆ. ಡ್ರೈವರ್ ಮಾತ್ರ ಈ ಕ್ಯಾಬಿನ್ನಿಂದ ಆ ಕ್ಯಾಬಿನ್ನಿಗೆ ಹೋಗ್ತಾನೆ. ಗಿರಣಿ ಕಡೆ ಇರೋ ಮಗ್ಗುಲು ಯಾವಾಗಲೂ ಗಿರಣಿ ಕಡೆಗೇ. ಟ್ಯಾಂಕಿನ ಕಡೆ ಇರೋದು ಟ್ಯಾಂಕಿನ ಕಡೆಗೇ."

ಯಜಮಾನರ ಬಾಯಿ ತೆರೆದೇ ಇತ್ತು. "ಅಂದ್ರೆ ಅರ್ಧ ಎಂಜಿನ್ನಿಗೆ ಮಾತ್ರ..."

"ಒಂದು ಮಗ್ಗುಲಿಗೆ ಬಳಿದಿದ್ದಾರೆ. ಇನ್ನೊಂದಕ್ಕೆ ಬಳಿಯೋ ಹೊತ್ತಿಗೆ ಸಿಮೆಂಟ್ ಲೋಡಿಗೆ ಎಂಜಿನ್ ಸಾಲದೆ ಹೊರಗೆ ಕಳಿಸಿರಬೇಕು. ಇನ್ನೇನಿರತ್ತೆ?"

"ಇಷ್ಟೇ ತಾನೇ? ಎಲ್ಲಾರೂ ಸಾಯಂಕಾಲದೋರು, ನೀವೊಬ್ಬರೇ ಬೆಳಗಿನೋರು," ಎಂದು ಯಜಮಾನರು ತಲೆ ಚಚ್ಚಿಕೊಂಡರು. ಮರುಕ್ಷಣವೇ ಅವರ ಮುಖದಲ್ಲಿ ಬೆಳಕು ಹತ್ತಿಕೊಂಡಿತು. "ಅತ್ತಿಗೆ, ಎರಡು ಬಣ್ಣದ ಎಂಜಿನ್ನು. ಯಾರ ಹತ್ರಾನೂ ಇಲ್ಲ. ಇನ್ನೊಂದು ಮಗ್ಗುಲಿಗೂ ಬಳಿದುಬಿಟ್ರೆ ಮುಗೀತು, ಮತ್ತೆ ಸಿಗಲ್ಲ."

"ಮೊದಲು ನಿಜಾನಾ ನೋಡೋಣ," ಎಂದಳು ಅಕ್ಕ. "ಬ್ರೆಡ್ಡಿನ ಮೇಲೆ ನಿಜ ಆದ್ರೆ ಸಾಲದು. ಬೆಳಗಿನ ಗಾಡಿಗೆ ನೀವು ಬರಬೇಕು. ನಾನು ಈ ಕಡೆ, ನೀವು ಆ ಕಡೆ. ಒಂದೇ ಹೊತ್ತಿಗೆ."

"ಒಲೆ?"

"ಒಲೆ ಮೇಲೆ ನಿಮ್ಮ ತಮ್ಮನ್ನ ನಿಲ್ಲಿಸಿ."

"ಅವನು ಬನ್ನು ಸುಡ್ತಾನೆ."

"ನೀವು ರಸ್ಕು ಸುಟ್ಟಾಗ ಯಾರಾದ್ರೂ ಕೇಳಿದ್ರಾ?"

ಅವರು ತಮ್ಮನಿಗೆ ಫೋನು ಮಾಡಿದರು.

ಹದಿನೆಂಟು ದಿನಾಲೂ ಬರುವುದಿಲ್ಲ. ಮೊದಲ ಬೆಳಿಗ್ಗೆ ಬೇರೆ ಎಂಜಿನ್ನು ಬಂತು. ಎರಡನೆಯ ಬೆಳಿಗ್ಗೆಯೂ ಬೇರೆಯದೇ. ಯಜಮಾನರು ಹಿಟ್ಟಿನ ಕೈಯಲ್ಲೇ ಹೋಗಿ ಹಿಟ್ಟಿನ ಕೈಯಲ್ಲೇ ಬಂದರು. ಅವರ ತಮ್ಮ ಬನ್ನು ಸುಡಲೂ ಇಲ್ಲ, ಬೇಯಿಸಲೂ ಇಲ್ಲ, ಗಿರಾಕಿಗಳು ಗೊಣಗಿದರು. ಅತ್ತ ಮೇಷ್ಟ್ರು ಇನ್ನು ಕಾಯುವುದು ಬೇಡ ಎಂದು ಗುಂಪಿನಲ್ಲಿ ಬರೆದರು. ಅದನ್ನು ಓದಿ ಅಕ್ಕ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

ಮರುದಿನ ನಾನೂ ಜೊತೆಗೆ ಹೋದೆ. ಮನೆಯಲ್ಲಿ ಕುಳಿತು ಕಾಯುವುದು ನನ್ನಿಂದಾಗಲಿಲ್ಲ. ಯಜಮಾನರು ಟ್ಯಾಂಕಿನ ಕಡೆ, ಬಿಸಿಲಿಗೆ ಎದುರಾಗಿ ನಿಂತರು. ಆ ಕಡೆ ಯಾವತ್ತೂ ಬೆಳಿಗ್ಗೆ ನಿಂತವರಲ್ಲ. ಕಣ್ಣು ಕಿರಿದು ಮಾಡಿಕೊಂಡು, "ಇದೇನು ಶಿಕ್ಷೆ ಕಣೇ, ಏನೂ ಕಾಣಲ್ಲ," ಎಂದು ಗೊಣಗುತ್ತಿದ್ದರು. ನಾನು ಕ್ಯಾಮೆರಾಕ್ಕೆ ನೆರಳಾಗಲೆಂದು ಅವರ ಟೋಪಿಯನ್ನು ಎತ್ತಿ ಹಿಡಿದೆ. ಹಳಿಯ ಆಚೆ, ಗಿರಣಿಯ ಗೋಡೆಯ ಮುಂದೆ, ಜಲ್ಲಿ ಗುಡ್ಡೆಯ ಮೇಲೆ ಅಕ್ಕ. ಇಬ್ಬರ ಕಿವಿಯಲ್ಲೂ ಫೋನಿನ ತಂತಿ.

ಗೇಟು ಬಿತ್ತು. ಹಳಿ ಸಣ್ಣಗೆ ಗುಂಯ್‌ಗುಟ್ಟತೊಡಗಿತು. ದೂರದ ತಿರುವಿನಲ್ಲಿ ಹಳದಿ ಮೂತಿ ಕಾಣಿಸಿತು.

"ಅತ್ತಿಗೆ, ನಂಬರು ಓದೋಕಾಗ್ತಿದ್ಯಾ?"

ಅಕ್ಕನ ಉತ್ತರ ನನಗೆ ಕೇಳಿಸಲಿಲ್ಲ. ಯಜಮಾನರ ಭುಜ ಬಿಗಿಯಾದದ್ದು ನೋಡಿ ಹದಿನೆಂಟೇ ಎಂದು ತಿಳಿದುಕೊಂಡೆ. ಮನಸ್ಸಿನಲ್ಲೇ ದೇವರನ್ನು ನೆನೆದೆ. ನೆಲ ಅದುರಿತು, ಬಿಸಿಗಾಳಿ ಮುಖಕ್ಕೆ ಬಡಿಯಿತು, ಕ್ಯಾಮೆರಾ ಚಿಟಚಿಟನೆ ಸದ್ದು ಮಾಡಿತು. ನಮ್ಮ ಮುಂದೆ ಹಾದುಹೋದದ್ದು ನೀಲಿ. ಸೂರ್ಯನಿಗೆ ಅಡ್ಡವಾಗಿ ಕಪ್ಪಿಟ್ಟರೂ ನೀಲಿಯೇ.

"ಅತ್ತಿಗೆ, ಇಲ್ಲಿ ನೀಲಿ," ಎಂದರು ಯಜಮಾನರು. "ನಿಮ್ಮ ಕಡೆ ಏನು? ಹೇಳಿ, ಏನು?"

ಅವರು ಸುಮ್ಮನೆ ನಿಂತು ಕೇಳಿಸಿಕೊಂಡರು. ಆಮೇಲೆ ಕಿವಿಯ ತಂತಿಯನ್ನು ಕಿತ್ತು ನನ್ನ ಕಿವಿಗೆ ಹಿಡಿದರು.

"...ಕೆಂಪು ಕಣ್ರೀ, ಕೆಂಪು, ಕಡುಗೆಂಪು, ಪಟ್ಟಿ ಸಮೇತ, ನಿಮ್ಮದೂ ನಿಜ, ನನ್ನದೂ ನಿಜ..."

ಎಂಜಿನ್ನು ಮುಂದೆ ಹೋಗಿ, ನಮ್ಮ ನಡುವೆ ಖಾಲಿ ವ್ಯಾಗನ್ನುಗಳು ಸಾಲಾಗಿ ಸಾಗುತ್ತಿದ್ದವು. ಚಕ್ರಗಳ ಸಂದಿಯಲ್ಲಿ ಆಚೆ ಬದಿಯ ಜಲ್ಲಿ ಕಾಣುತ್ತಿತ್ತು. ಅಲ್ಲಿ ಎರಡು ಚಪ್ಪಲಿಗಳು ಮೇಲಕ್ಕೆ ಹಾರಿ ಕೆಳಗೆ ಬೀಳುತ್ತಿದ್ದವು. ಮಂಡಿನೋವಿನ ಅಕ್ಕ ಕುಣಿಯುತ್ತಿದ್ದಳು.

ಗಾಡಿ ಮುಗಿಯಿತು. ಗೇಟು ಏಳುವುದನ್ನೂ ಕಾಯದೆ ಇಬ್ಬರೂ ಪಕ್ಕದ ಸಂದಿಯಿಂದ ನುಸುಳಿ ಹಳಿಗಳ ನಡುವೆ ಸೇರಿದರು. ಇವರ ಕ್ಯಾಮೆರಾ ಅವಳು ಕಿತ್ತುಕೊಂಡಳು, ಅವಳದನ್ನು ಇವರು. ಗೇಟಿನವನು ಬಾವುಟ ಬೀಸಿದ.

"ಸ್ವಾಮಿ, ಅಮ್ಮಾ, ನಗೋದಿದ್ರೆ ರಸ್ತೆ ಬದಿಗೆ ಬಂದು ನಗಿ. ಅದು ಹಳಿ."

ರಸ್ತೆಯ ಬದಿಗೆ ಬಂದ ಮೇಲೂ ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳದೆ ಒಟ್ಟಿಗೇ ಮಾತಾಡುತ್ತಿದ್ದರು. ಕೊನೆಗೆ ಯಜಮಾನರು ಉಸಿರು ಎಳೆದುಕೊಂಡು ಅಕ್ಕನ ಕಡೆ ನೇರ ನೋಡಲಾರದೆ, ತಮ್ಮ ಚಪ್ಪಲಿ ನೋಡಿಕೊಂಡು ಹೇಳಿದರು. "ಗುಂಪಿಗೆ ನಾನೇ ಹಾಕ್ತೀನಿ ಅತ್ತಿಗೆ. ಮೊದಲು ಬರೆದವನು ನಾನು ತಾನೇ."

"ಹಾಕಿ," ಎಂದಳು ಅಕ್ಕ.

ಅವರು ಅಲ್ಲೇ ನಿಂತು ಎರಡು ಫೋಟೋಗಳನ್ನೂ ಹಾಕಿ, ಹಿಟ್ಟಿನ ಬೆರಳಲ್ಲಿ ತಪ್ಪುತಪ್ಪಾಗಿ ಒತ್ತುತ್ತ, ಇವತ್ತು ಬೆಳಿಗ್ಗೆ, ಒಂದೇ ಗಾಡಿ, ಅತ್ತಿಗೆಯ ಮಾತು ನಿಜ, ತಪ್ಪು ನನ್ನದು ಎಂದು ಬರೆದರು. ನಾವು ಮೂವರೂ ತಲೆ ಸೇರಿಸಿ ಉತ್ತರಕ್ಕೆ ಕಾದೆವು. ಮೇಷ್ಟ್ರ ಉತ್ತರ ಬಹಳ ಬೇಗ ಬಂತು.

'ಬಣ್ಣ ಹಚ್ಚುವ ವಿದ್ಯೆಯನ್ನು ಬೇಕರಿಯವರೂ ಕಲಿತಂತಿದೆ.'

ಯಜಮಾನರ ಮುಖ ಒಲೆಯಂತೆ ಕೆಂಪಗಾಯಿತು. "ನಾನಾ? ನಾನು ಹಚ್ಚಿದ್ನಾ? ನನಗೆ ಕೇಕಿನ ಮೇಲೆ ಹೂವು ಬಿಡಿಸೋಕೇ ಬರಲ್ಲ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಗೇಟಿನ ಕಂಬಕ್ಕೆ ಒರಗಿದಳು. ಆಮೇಲೆ ಕಣ್ಣು ಒರೆಸಿಕೊಂಡು, ಇವರ ಕೈಯಿಂದ ಫೋನು ತೆಗೆದುಕೊಂಡು, ಅಷ್ಟು ದಿನ ಗುಂಪಿನಲ್ಲಿ ಒಂದಕ್ಷರ ಬರೆಯದವಳು ಅಕ್ಷರ ಅಕ್ಷರ ಹುಡುಕಿ ಒತ್ತಿದಳು.

'ನಾನು ಸ್ಟುಡಿಯೋ ಅಕ್ಕ. ಮೇಷ್ಟ್ರೇ, ಹದಿನೆಂಟು ಮತ್ತೆ ಹೊರಟ ದಿನ ಬೆಳಿಗ್ಗೆ ಗೇಟಿನ ಹತ್ತಿರ ಬನ್ನಿ. ಒಬ್ಬರೇ ಬರಬೇಡಿ, ಇಬ್ಬರಾಗಿ ಬನ್ನಿ.'